ಬಾಡಿಗೆಯ ಕುಂಚ

ಫೋಟೊಶಾಪ್ ಕೊಳ್ಳಬೇಕೇ ಎಂದು ಕೇಳುವವರಿಗೆ ನಾನು ಹೇಳುವುದು: ಅದೀಗ ಬಾಡಿಗೆಗಷ್ಟೇ ಲಭ್ಯ. ಒಮ್ಮೆ ಹಣ ತೆತ್ತು ಸ್ವಂತವಾಗಿಸಿಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ 2012ರ ಸಿಎಸ್6. ಮರುವರ್ಷವೇ ಅಡೋಬಿ ಸಂಸ್ಥೆ ಚಂದಾ ಪದ್ಧತಿಗೆ ಹೊರಳಿತು. ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ಪದರ ಪದರವಾಗಿ ಕಟ್ಟಿದ ಕಡತಗಳು ನಮ್ಮಲ್ಲೇ ಉಳಿದರೂ ಅವುಗಳನ್ನು ಮೊದಲಿನಂತೆ ತಿದ್ದಲು ಮತ್ತೆ ಹಣ ತೆರಬೇಕು.

ಮದುವೆಯ ಆಲ್ಬಮ್ಮುಗಳಿಂದ ಬದುಕುವ ಸ್ಟುಡಿಯೊದವರಿಗೆ ಇದು ವಿದ್ಯುತ್ ಬಿಲ್ಲಿನಂತೆ, ದುಡಿಮೆಯಲ್ಲೇ ಹುಟ್ಟುತ್ತದೆ. ನನ್ನ ಕೆಲಸವೋ ಅಜ್ಜಿಯ ಮಾಸಿದ ಭಾವಚಿತ್ರದ ಗೀರುಗಳನ್ನು ಅಳಿಸುವುದು. ಉಚಿತವಾದ ಜಿಂಪ್ ಇದಕ್ಕೆ ಧಾರಾಳವಾಗಿ ಸಾಕು. ಕಲಿಯಲು ತಾಳ್ಮೆ ಬೇಕು, ನಿಜ. ಫೋಟೊಶಾಪ್ ಮಾತ್ರ ಒಂದೇ ದಿನಕ್ಕೆ ಒಲಿಯುತ್ತದೆಯೇ? ಮೂಲಪ್ರತಿಯಲ್ಲಿ ದಾಖಲಾಗದ ವಿವರವನ್ನು ಯಾವ ತಂತ್ರಾಂಶವೂ ಯಥಾವತ್ತಾಗಿ ಮರಳಿಸದು. ಆದ್ದರಿಂದ ಚಂದಾಕ್ಕೆಂದು ಎತ್ತಿಟ್ಟ ಹಣದಲ್ಲಿ ನಾನು ಸ್ಕ್ಯಾನರ್ ಕೊಂಡೆ.