ಬೋಲ್ಟ್ ಕೂತರೆ ಸಾಕಾ? ತಗ್ಗಿಸಿದ ಕಾರಿಗೆ ಅಗಲದ ವೀಲ್ ಹಾಕಿಸುವ ಮುನ್ನ ಈ ಲೆಕ್ಕ ನೋಡಿ

"ನಾಲ್ಕು ಬೋಲ್ಟ್ ಕೂತರೆ ಯಾವ ವೀಲ್ ಆದರೂ ನಡೆಯುತ್ತೆ. ಕಾರು ಎಷ್ಟು ಕೆಳಗೋ, ಚಕ್ರ ಎಷ್ಟು ಹೊರಗೋ, ಅಷ್ಟು ಗ್ರಿಪ್!"

ಮೂವತ್ತು ಸೆಕೆಂಡಿನ ಈ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಕಳಿಸಿದವನು ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ. ಅಲ್ಲಿ ಅವನು 1990ರ ಮಾಡೆಲ್‌ನ ಮಜ್ದಾ ಮಿಯಾಟಾ ಎಂಬ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಸಸ್ಪೆನ್ಷನ್ ಹಾಕಿಸಿ ಕಾರನ್ನು ಸುಮಾರು 5 ಸೆಂ.ಮೀ. ತಗ್ಗಿಸಿದ್ದ. ಅದಕ್ಕೆ 8 ಇಂಚು ಅಗಲದ ವೀಲ್ ಬೇರೆ. ಫೋಟೋ ನೋಡಿ ಮನೆಯವರೆಲ್ಲ ಹಾರ್ಟ್ ಒತ್ತಿದ್ದೇ ಒತ್ತಿದ್ದು.

ಒಂದು ತಿಂಗಳ ಮೇಲೆ ಅವನದೇ ಫೋನ್. "ಅಕ್ಕ, ತಿರುವಿನಲ್ಲಿ ಹಿಂದಿನ ಚಕ್ರದಿಂದ ಗರ್ ಅಂತ ಸದ್ದು ಬರ್ತಿದೆ. ಆ ವಿಡಿಯೋ ಸರಿ ಇತ್ತಾ ಅಂತ ನೀನೇ ಸ್ವಲ್ಪ ನೋಡು." ವಿಡಿಯೋ ಕಾಲ್‌ನಲ್ಲೇ ಟಾರ್ಚ್ ಹಿಡಿಸಿ ನೋಡಿದೆ. ಹಿಂದಿನ ಬಲ ಟೈರಿನ ಹೊರ ಅಂಚು ಫೆಂಡರಿಗೆ ಉಜ್ಜಿ ಉಜ್ಜಿ, ಸುತ್ತಲೂ ಚಾಕುವಿನಿಂದ ಕೊಯ್ದಂತೆ ಆಗಿತ್ತು. ಒಂದು ಕಡೆ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಮಾರನೆಯ ಬೆಳಗ್ಗೆ ಅದೇ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೈವೇಗೆ ಹೊರಡುವವನಿದ್ದ.

ಹಾಗಾದರೆ ಆ ವಿಡಿಯೋದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಒಂದೊಂದಾಗಿ ನೋಡೋಣ.

ಅರ್ಧ ಸತ್ಯ ಎಲ್ಲಿದೆ?

ಕಾರನ್ನು ತಗ್ಗಿಸಿದರೆ ಅದರ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ. ಎಡ-ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದರೆ ಕಾರು ಇನ್ನಷ್ಟು ಅಗಲವಾಗಿ ಕಾಲೂರಿ ನಿಲ್ಲುತ್ತದೆ. ಈ ಎರಡರಿಂದಲೂ ತಿರುವಿನಲ್ಲಿ ಭಾರ ಒಂದೇ ಬದಿಗೆ ವಾಲುವುದು ಕಡಿಮೆಯಾಗುತ್ತದೆ. ಇದು ನಿಜ. ರೇಸ್ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಇರುವುದು ಇದಕ್ಕೇ.

ಆದರೆ ಈ ಲಾಭ ಸಿಗುವುದು ಟೈರ್ ಪೂರ್ತಿಯಾಗಿ ನೆಲಕ್ಕೆ ತಾಗಿದಾಗ, ಸಸ್ಪೆನ್ಷನ್‌ಗೆ ಮೇಲೆ-ಕೆಳಗೆ ಆಡಲು ಜಾಗ ಇದ್ದಾಗ, ಟೈರ್ ಎಲ್ಲಿಯೂ ಉಜ್ಜದಿದ್ದಾಗ ಮಾತ್ರ. ವಿಡಿಯೋ ಈ ಮೂರನ್ನೂ ಬಿಟ್ಟುಬಿಟ್ಟಿದೆ.

ಬೋಲ್ಟ್ ಕೂತರೆ ವೀಲ್ ಕೂತಂತೆಯೇ?

ಅಲ್ಲ. ಮಿಯಾಟಾಕ್ಕೆ ನಾಲ್ಕು ನಟ್. ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಇದನ್ನೇ ಅಂಗಡಿಗಳಲ್ಲಿ ಪಿಸಿಡಿ ಅನ್ನುತ್ತಾರೆ. ಕೆಲವು ಕಾರುಗಳದ್ದು 98 ಮಿ.ಮೀ. ಇರುತ್ತದೆ. ಎರಡೇ ಮಿ.ಮೀ. ವ್ಯತ್ಯಾಸವಾದ್ದರಿಂದ ಒತ್ತಿ ತಿರುಗಿಸಿದರೆ ನಟ್ ಹತ್ತಿದಂತೆಯೇ ಕಾಣುತ್ತದೆ. ಆದರೆ ವೀಲ್ ಓರೆಯಾಗಿ ಕೂತಿರುತ್ತದೆ, ಸ್ಟಡ್‌ಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ಓಡಿದಂತೆಲ್ಲ ನಟ್ ಸಡಿಲವಾಗಬಹುದು, ಸ್ಟಡ್ ಮುರಿಯಲೂಬಹುದು.

ಎರಡನೆಯದು ನಡುವಿನ ರಂಧ್ರ. ಮಿಯಾಟಾದ ಹಬ್ 54.1 ಮಿ.ಮೀ. ಹೊರಗಿನ ಕಂಪನಿಗಳು ಹಲವು ಕಾರುಗಳಿಗೆ ಒಂದೇ ವೀಲ್ ಹೊಂದಲಿ ಅಂತ ಈ ರಂಧ್ರವನ್ನು ದೊಡ್ಡದಾಗಿಯೇ ಮಾಡುತ್ತವೆ. ನಡುವೆ ಉಳಿಯುವ ಸಂದಿಗೆ ಸರಿಯಾದ ಅಳತೆಯ ಬಳೆ, ಅಂದರೆ ಹಬ್ ರಿಂಗ್ ಹಾಕಿದರೆ ವೀಲ್ ತಾನಾಗಿ ಮಧ್ಯಕ್ಕೆ ಕೂರುತ್ತದೆ. ಹಾಕದಿದ್ದರೆ ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗುವ ಸಾಧ್ಯತೆ ಇದೆ.

ಮೂರನೆಯದು ನಟ್‌ನ ತುದಿ. ಕೆಲವು ಶಂಕುವಿನ ಆಕಾರದವು, ಕೆಲವು ಗುಂಡಗಿನವು. ವೀಲಿನಲ್ಲಿರುವ ಗುಳಿಗೆ ಹೊಂದದ ನಟ್ ಹಾಕಿದರೆ ಎಷ್ಟು ಬಿಗಿದರೂ ಹಿಡಿತ ಸಾಲದು. ಹೊಸ ವೀಲ್ ಹಾಕಿಸಿ 80ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ನೋಡಿಸಬೇಕು.

ಆಫ್‌ಸೆಟ್ ಅಂದರೆ ಏನು?

ನಮ್ಮ ಹುಡುಗ ಎಡವಿದ್ದು ಇಲ್ಲೇ. ವೀಲಿನ ಅಗಲದ ಸರಿ ಮಧ್ಯದಲ್ಲಿ ಒಂದು ಗೆರೆ ಎಳೆಯಿರಿ. ಹಬ್‌ಗೆ ತಾಗುವ ಮುಖ ಆ ಗೆರೆಯಿಂದ ಎಷ್ಟು ದೂರ ಇದೆಯೋ ಅದೇ ಆಫ್‌ಸೆಟ್. ಸಂಖ್ಯೆ ಹೆಚ್ಚಿದ್ದರೆ ವೀಲ್ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆ ಇದ್ದರೆ ಹೊರಕ್ಕೆ ಬರುತ್ತದೆ.

ಲೆಕ್ಕ ಸುಲಭ, ಮೊಬೈಲ್ ಕ್ಯಾಲ್ಕ್ಯುಲೇಟರ್ ಸಾಕು. ವೀಲಿನ ಅಗಲವನ್ನು (ಇಂಚು) 25.4ರಿಂದ ಗುಣಿಸಿ, ಎರಡರಿಂದ ಭಾಗಿಸಿ. ಬಂದದ್ದರಿಂದ ಆಫ್‌ಸೆಟ್ ಕಳೆದರೆ ಹೊರಬದಿ ಎಷ್ಟು ಚಾಚುತ್ತದೆ ಎಂದು ಸಿಗುತ್ತದೆ. ಕೂಡಿಸಿದರೆ ಒಳಬದಿ.

• ಕಂಪನಿಯ ವೀಲ್: 5.5 ಇಂಚು, ಆಫ್‌ಸೆಟ್ +45. ಹೊರಕ್ಕೆ ಸುಮಾರು 25 ಮಿ.ಮೀ., ಒಳಕ್ಕೆ 115 ಮಿ.ಮೀ.
• ಅವನು ಹಾಕಿಸಿದ್ದು: 8 ಇಂಚು, ಆಫ್‌ಸೆಟ್ +25. ಹೊರಕ್ಕೆ ಸುಮಾರು 77 ಮಿ.ಮೀ., ಒಳಕ್ಕೆ 127 ಮಿ.ಮೀ.

ಅಂದರೆ ವೀಲ್ ಮೊದಲಿಗಿಂತ 52 ಮಿ.ಮೀ. ಹೊರಗೆ ಬಂದಿದೆ, 12 ಮಿ.ಮೀ. ಒಳಗೂ ಹೋಗಿದೆ. ಕಾರು ಸುಮ್ಮನೆ ನಿಂತಾಗ ನೋಡಲು ಚೆಂದ. ತಿರುವಿನಲ್ಲಿ ಕಾರು ವಾಲಿ ಚಕ್ರ ಮೇಲೇರಿದಾಗ ಅದೇ 52 ಮಿ.ಮೀ. ಫೆಂಡರಿನ ಅಂಚಿಗೆ ಹೋಗಿ ತಾಗುತ್ತದೆ. ಕಾರು ತಗ್ಗಿಸದೇ ಇದ್ದಿದ್ದರೆ ಇಷ್ಟು ಬೇಗ ತಾಗುತ್ತಿರಲಿಲ್ಲ.

ಇನ್ನೊಂದು ಪರಿಣಾಮ ಕಣ್ಣಿಗೆ ಕಾಣುವುದಿಲ್ಲ. ಚಕ್ರದ ಮಧ್ಯಗೆರೆ 20 ಮಿ.ಮೀ. ಹೊರಗೆ ಸರಿದಿರುವುದರಿಂದ ಬೇರಿಂಗ್ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಹೊಂಡಕ್ಕೆ ಬಿದ್ದಾಗ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ.

ಟೈರ್ ದೊಡ್ಡದಾದಷ್ಟೂ ಒಳ್ಳೆಯದೇ?

ಟೈರಿನ ಮೇಲಿರುವ ಬರಹವನ್ನು ಒಮ್ಮೆ ಓದಿ. 185/60 ಆರ್14 ಅಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 60, ರಿಮ್‌ನ ವ್ಯಾಸ 14 ಇಂಚು. ಇದು ಮಿಯಾಟಾದ ಮೂಲ ಅಳತೆ. ಒಟ್ಟು ವ್ಯಾಸ ಸುಮಾರು 578 ಮಿ.ಮೀ.

195/50 ಆರ್15 ಹಾಕಿದರೆ ವ್ಯಾಸ 576 ಮಿ.ಮೀ. ಹೆಚ್ಚುಕಡಿಮೆ ಒಂದೇ. 205/50 ಆರ್15 ಹಾಕಿದರೆ 586 ಮಿ.ಮೀ. ಅಲ್ಪ ವ್ಯತ್ಯಾಸ. ಅದೇ 205/45 ಆರ್17 ಹಾಕಿದರೆ 616 ಮಿ.ಮೀ., ಅಂದರೆ ಸುಮಾರು ಶೇ. 6.7 ದೊಡ್ಡದು. ಆಗ ಮೀಟರ್ 80 ತೋರಿಸುವಾಗ ಕಾರು ಮೊದಲಿಗಿಂತ ಹೆಚ್ಚು ವೇಗದಲ್ಲಿ, ಸುಮಾರು 85ರಲ್ಲಿ ಓಡುತ್ತಿರುತ್ತದೆ. ಪಕ್ಕದ ಗೋಡೆ 111 ಮಿ.ಮೀ.ನಿಂದ 92 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಈ ಗೋಡೆಯೇ. ಅದು ಸಣ್ಣದಾದಷ್ಟೂ ರಿಮ್ ಬೆಂಡಾಗುವ ಅಪಾಯ ಹೆಚ್ಚು.

ಪ್ರತಿ ಟೈರಿಗೂ ಎಷ್ಟು ಅಗಲದ ರಿಮ್ ಹೊಂದುತ್ತದೆ ಎಂಬ ಮಿತಿ ಇದೆ. 205/50 ಆರ್15ಕ್ಕೆ 5.5ರಿಂದ 7.5 ಇಂಚು. ನಮ್ಮ ಹುಡುಗ ಅದನ್ನು 8 ಇಂಚಿನ ರಿಮ್‌ಗೆ ಎಳೆದು ಹಾಕಿಸಿದ್ದ. ಸ್ಟ್ರೆಚ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ. ಹೀಗೆ ಎಳೆದಾಗ ರಿಮ್‌ನ ಅಂಚಿಗೆ ರಬ್ಬರಿನ ರಕ್ಷಣೆ ಇರುವುದಿಲ್ಲ. ಇನ್ನೂ ಹೆಚ್ಚು ಎಳೆದರೆ, ಅದೂ ಗಾಳಿ ಕಡಿಮೆ ಇದ್ದರೆ, ಟೈರ್ ರಿಮ್‌ನಿಂದ ಕಳಚಿಕೊಳ್ಳುವ ಅಪಾಯ ಹೆಚ್ಚುತ್ತದೆ.

ಅಳತೆಯ ಪಕ್ಕದಲ್ಲಿರುವ 82ಎಚ್ ಥರದ ಬರಹವನ್ನೂ ಬಿಡಬೇಡಿ. 82 ಅಂದರೆ ಒಂದು ಟೈರ್ 475 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ.ವರೆಗೆ ತಾಳಬಲ್ಲದು. ಹೊಸ ಟೈರಿನ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಚಕ್ರ ಓರೆ ಇದ್ದರೆ ಗ್ರಿಪ್ ಹೆಚ್ಚಾ?

ಮಿಯಾಟಾದಂಥ ಕಾರನ್ನು ತಗ್ಗಿಸಿದಾಗ ಚಕ್ರದ ಮೇಲ್ಭಾಗ ತಾನಾಗಿ ಒಳಕ್ಕೆ ವಾಲುತ್ತದೆ. ಇದಕ್ಕೆ ನೆಗೆಟಿವ್ ಕ್ಯಾಂಬರ್ ಅನ್ನುತ್ತಾರೆ. ಒಂದೆರಡು ಡಿಗ್ರಿ ಇದ್ದರೆ ತಿರುವಿನಲ್ಲಿ ಅನುಕೂಲವೇ. ಜಪಾನಿನಲ್ಲಿ ಕೆಲವರು ಚಕ್ರವನ್ನು ವಿಪರೀತ ಓರೆ ಮಾಡುತ್ತಾರೆ. ಅದಕ್ಕೆ ಅಲ್ಲಿ 'ಓನಿಕ್ಯಾನ್', ಅಂದರೆ ರಾಕ್ಷಸ ಕ್ಯಾಂಬರ್ ಎಂಬ ಹೆಸರೇ ಇದೆ. ಆಗ ನೆಲಕ್ಕೆ ತಾಗುವುದು ಟೈರಿನ ಒಳ ಅಂಚು ಮಾತ್ರ. ಅದು ಪ್ರದರ್ಶನಕ್ಕೆ ಸರಿ, ಬ್ರೇಕ್ ಒತ್ತಿದಾಗ ನಿಲ್ಲುವುದಕ್ಕಲ್ಲ.

ಅದೇ ಜಪಾನಿನ ವಾಹನ ತಪಾಸಣೆಯಲ್ಲಿ ಕಾರು ನೆಲದಿಂದ ಕನಿಷ್ಠ 9 ಸೆಂ.ಮೀ. ಎತ್ತರ ಇರಬೇಕೆಂಬ ನಿಯಮವೂ ಇದೆ. ರೀಲ್ಸ್‌ನಲ್ಲಿ ಓನಿಕ್ಯಾನ್ ಕಾಣುತ್ತದೆ, ಈ ನಿಯಮ ಕಾಣುವುದಿಲ್ಲ.

ತಗ್ಗಿಸಿದಾಗ ಚಕ್ರಗಳು ಮುಂದಕ್ಕೆ ನೋಡುವ ದಿಕ್ಕೂ ಸ್ವಲ್ಪ ಬದಲಾಗುತ್ತದೆ. ಅದನ್ನು ಸರಿಮಾಡಿಸದಿದ್ದರೆ ಟೈರ್ ಬಲುಬೇಗ ಸವೆಯುತ್ತದೆ. ಹಾಗಾಗಿ ತಗ್ಗಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ನಮ್ಮ ಊರಿನಲ್ಲಿ ಇದು ನಡೆಯುತ್ತಾ?

ನಮ್ಮಲ್ಲಿ ಮಿಯಾಟಾ ಮಾರಾಟಕ್ಕಿಲ್ಲ. ಆದರೆ ಸ್ಪ್ರಿಂಗ್ ಕತ್ತರಿಸಿ ಹ್ಯಾಚ್‌ಬ್ಯಾಕ್ ತಗ್ಗಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕತ್ತರಿಸಿದ ಸ್ಪ್ರಿಂಗ್ ಮೊದಲಿಗಿಂತ ಗಡುಸಾಗುತ್ತದೆ. ಜೊತೆಗೆ ಗಿಡ್ಡವಾಗಿರುವುದರಿಂದ, ಚಕ್ರ ಪೂರ್ತಿ ಕೆಳಗೆ ಇಳಿದಾಗ ತನ್ನ ಜಾಗದಿಂದ ಸರಿಯಲೂಬಹುದು. ಇದನ್ನು ಯಾರೇ ಸಲಹೆ ಕೊಟ್ಟರೂ ಬೇಡವೇ ಬೇಡ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಇಷ್ಟು ಅಗಲವಾಗಿ, ನಿಧಾನವಾಗಿ ಏರುವುದರಿಂದ ತಗ್ಗು ಕಾರೂ ಮೆಲ್ಲಗೆ ದಾಟಬಹುದು. ಆದರೆ ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಕಿರಿದಾದ ಹಂಪ್ ಪೂರ್ತಿಯಾಗಿ ಎರಡು ಚಕ್ರಗಳ ನಡುವೆ ಬರುತ್ತದೆ. ಅಲ್ಲಿ ಕಾರಿನ ಹೊಟ್ಟೆ ಕೆರೆಯುವುದು ಖಚಿತ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ವೇಳೆ ತಕರಾರಿಗೆ ದಾರಿಯಾಗಬಹುದು. ಹಾಗಾಗಿ ಮೊದಲು ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಕೇಳಿ, ಆಮೇಲೆ ವೀಲ್ ಆರಿಸಿ.

ನೀವೇ ಪರೀಕ್ಷಿಸುವುದು ಹೇಗೆ?

• ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ, ಹಿಂದೆ ಓಡಿಸಿ. ಸದ್ದು ಬಂತೇ?
• ಸೀಟು ತುಂಬ ಜನರನ್ನು ಕೂರಿಸಿ ಮತ್ತೊಮ್ಮೆ ನೋಡಿ. ಖಾಲಿ ಕಾರಿನಲ್ಲಿ ತಾಗದ್ದು ಆಗ ತಾಗಬಹುದು.
• ಫೆಂಡರಿನ ಒಳ ಅಂಚಿನಲ್ಲಿ ಬಣ್ಣ ಹೋಗಿದೆಯೇ, ಟೈರಿನ ಒಳಬದಿ, ಹೊರಬದಿಯಲ್ಲಿ ಹೊಳೆಯುವ ಗೆರೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.
• ನೂಲು ಅಥವಾ ತಂತಿ ಕಂಡರೆ ಆ ಟೈರಿನಲ್ಲಿ ಪಂಚರ್ ಅಂಗಡಿಯವರೆಗೂ ಓಡಿಸಬೇಡಿ. ಅಲ್ಲೇ ಸ್ಟೆಪ್ನಿ ಹಾಕಿ.

ಒಟ್ಟಾರೆ ಏನು?

"ಬೋಲ್ಟ್ ಕೂತರೆ ಸಾಕು" ಎಂಬ ಮಾತು ತಪ್ಪು. "ತಗ್ಗಿದಷ್ಟೂ, ಹೊರಬಂದಷ್ಟೂ ಗ್ರಿಪ್" ಎಂಬುದು ಅರ್ಧ ಸತ್ಯ. ಆ ಅರ್ಧವನ್ನು ನಂಬಿ ಹೈವೇಗೆ ಇಳಿಯುವುದು ಪೂರ್ತಿ ಅಪಾಯ.

ಆ ರಾತ್ರಿ ನಮ್ಮ ಹುಡುಗ ಪ್ರಯಾಣ ಮುಂದೂಡಿದ. ಆಮೇಲೆ 7 ಇಂಚು ಅಗಲದ, +35 ಆಫ್‌ಸೆಟ್‌ನ ವೀಲ್ ತಂದು 195/50 ಆರ್15 ಟೈರ್ ಹಾಕಿಸಿದ. ಕಾರನ್ನು 2 ಸೆಂ.ಮೀ. ಮೇಲೆತ್ತಿ ಅಲೈನ್‌ಮೆಂಟ್ ಮಾಡಿಸಿದ. ಹೊರಚಾಚು 52ರಿಂದ 29 ಮಿ.ಮೀ.ಗೆ ಇಳಿಯಿತು. ಸದ್ದೂ ನಿಂತಿತು. ಹೊಸ ಫೋಟೋಗೆ ಗ್ರೂಪಿನಲ್ಲಿ ಹಾರ್ಟ್ ಸ್ವಲ್ಪ ಕಡಿಮೆ ಬಂತು ಅಷ್ಟೇ.

ನಿಮ್ಮ ಗ್ರೂಪಿಗೂ ಆ ವಿಡಿಯೋ ಬಂದಿದ್ದರೆ, ಅದರ ಕೆಳಗೆ ಈ ಲೆಕ್ಕವನ್ನೂ ಹಾಕಿಬಿಡಿ.