ಅಂಕವಿಲ್ಲದ ಹೋಮ್‌ವರ್ಕ್: ಮಕ್ಕಳೇಕೆ ಮಾಡಬೇಕು?

"ಟೀಚರ್, ಇದಕ್ಕೆ ಮಾರ್ಕ್ಸ್ ಉಂಟಾ?" ಆರರಿಂದ ಎಂಟನೇ ತರಗತಿಯವರೆಗಿನ ಶಿಕ್ಷಕರಿಗೂ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರಿಗೂ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಇಲ್ಲವೆಂದರೆ ಪುಸ್ತಕ ಚೀಲದಿಂದ ಹೊರಬರುವುದಿಲ್ಲ. ಇದನ್ನು ಸೋಮಾರಿತನವೆಂದು ಬೈಯುವುದು ಸುಲಭ. ಆದರೆ ಮಗು ನಿಜವಾಗಿ ಕೇಳುತ್ತಿರುವುದು, ನಾನು ಬರೆದದ್ದನ್ನು ಯಾರಾದರೂ ಓದುತ್ತಾರೆಯೇ ಎಂದು. ಪ್ರಶ್ನೆ ನ್ಯಾಯವಾದದ್ದೇ ಎಂದು ನಮ್ಮ ಅಭಿಪ್ರಾಯ.

ಎಂಟನೆಯಲ್ಲಿ ಬೀಜಗಣಿತದ ಅಭ್ಯಾಸ ಬಿಟ್ಟ ಮಗುವಿಗೆ ಹತ್ತನೆಯ ಗಣಿತ ಕಬ್ಬಿಣದ ಕಡಲೆಯಾಗುತ್ತದೆ. ಟ್ಯೂಷನ್ ಫೀಸು ಕೊಡಬಲ್ಲ ಮನೆಯವರು ಹೇಗೋ ದಾಟಿಸುತ್ತಾರೆ, ಉಳಿದವರು ಏನು ಮಾಡಬೇಕು?

ಹಾಗಾದರೆ ಬಹುಮಾನದ ಆಸೆ ತೋರಿಸೋಣವೇ? 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಪ್ರಶಸ್ತಿ ಪತ್ರದ ಭರವಸೆ ಕೊಟ್ಟು ನೋಡಿದರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಂದಲಿಲ್ಲ. (ನಮ್ಮ ವಾರ್ಷಿಕೋತ್ಸವಗಳ ಬಹುಮಾನ ಪಟ್ಟಿ ತಯಾರಿಸುವವರು ದಯವಿಟ್ಟು ಗಮನಿಸಿ.) 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ: ಅಂಕವಿಲ್ಲದೆ ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ.

ಆದುದರಿಂದ ಇಪ್ಪತ್ತು ಲೆಕ್ಕದ ಬದಲು ಐದು ಕೊಡಿ, ಮರುದಿನದ ಪಾಠವನ್ನು ಅದರಿಂದಲೇ ಆರಂಭಿಸಿ. ನಲವತ್ತು ಪುಸ್ತಕ ದಿನವೂ ತಿದ್ದಲು ಯಾರಿಂದಲೂ ಆಗದು. ದಿನಕ್ಕೆ ಎಂಟರಂತೆ ಓದಿದರೆ ಐದು ದಿನದಲ್ಲಿ ಎಲ್ಲರದ್ದೂ ಮುಗಿಯುತ್ತದೆ. 'ಗುಡ್' ಎಂದು ಗೀಚುವುದಕ್ಕಿಂತ "ಮೂರನೇ ಸಾಲಿನಲ್ಲಿ ಚಿಹ್ನೆ ಬದಲಾಗಿಲ್ಲ, ನೋಡು" ಎಂದು ಬರೆಯಿರಿ. ಧರ್ಮೋಪದೇಶ ತರಗತಿಯಲ್ಲಾದರೆ, ತಮ್ಮ ದೀಕ್ಷಾಸ್ನಾನ ಯಾವ ಇಗರ್ಜಿಯಲ್ಲಾಯಿತು, ಜ್ಞಾನ ತಂದೆ-ತಾಯಿ ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಲಿ. ಮುಂದಿನ ಭಾನುವಾರ ಆ ಉತ್ತರಗಳೇ ಪಾಠವಾಗಲಿ.

ಬರೆಯದೆ ಬಂದವನನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಅದಕ್ಕೂ ಶತಮಾನದ ಹಿಂದೆಯೇ ಸಂತ ಜಾನ್ ಬೋಸ್ಕೊ ದಂಡನೆಯ ಬದಲು ವಿವೇಕ, ಧರ್ಮ, ವಾತ್ಸಲ್ಯಗಳ ದಾರಿ ತೋರಿಸಿದ್ದರು. ಮೊದಲು ಕಾರಣ ಕೇಳೋಣ. ತಂಗಿಯನ್ನು ನೋಡಿಕೊಳ್ಳುವ, ಅಂಗಡಿಯಲ್ಲಿ ಅಪ್ಪನಿಗೆ ನೆರವಾಗುವ ಮಕ್ಕಳು ನಮ್ಮಲ್ಲಿದ್ದಾರೆ.

ಹೆತ್ತವರಿಗೆ ಪಾಠ ಗೊತ್ತಿರಬೇಕೆಂದಿಲ್ಲ. "ಇವತ್ತು ಬರೆದದ್ದನ್ನು ಓದಿ ಹೇಳು ಮಗಾ" ಎಂದರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುತ್ತಾರೆ. ಶಾಲೆ ಶುರುವಾಗುವುದೂ ಆಗಲೇ. ಈ ರೂಢಿ ಬೆಳೆಸಲು ಅದು ಒಳ್ಳೆಯ ಸಮಯ.

ಮನೆಯಲ್ಲಿ ಕುಳಿತು ಬರೆಯಲು ಜಾಗವಿಲ್ಲದ ಮಕ್ಕಳು ಯಾರೆಂದು ವಾಳೆಯ ಗುರಿಕಾರರಿಗೆ ಗೊತ್ತಿರುತ್ತದೆ. ಅವರಿಗಾಗಿ ಸಂಜೆಯ ಜಪಸರಕ್ಕೆ ಮುಂಚೆ ಒಂದು ಗಂಟೆ ಇಗರ್ಜಿಯ ಸಭಾಭವನದ ಕೋಣೆಯೊಂದನ್ನು ತೆರೆಯಬಹುದು. ಬೀಗದ ಕೈ ಯಾರ ಬಳಿ ಇರಬೇಕು, ಮಕ್ಕಳ ಜೊತೆ ಯಾರು ಕೂರಬೇಕು ಎಂಬುದನ್ನು ಪಾಲನಾ ಮಂಡಳಿ ತನ್ನ ಮುಂದಿನ ಸಭೆಯಲ್ಲೇ ತೀರ್ಮಾನಿಸಲಿ.