ಮಂಗನ ಕಾಯಿಲೆ: ಹೆಸರು ಮತ್ತು ನಿದಾನ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಜ್ವರಕ್ಕೆ ವೈದ್ಯವಿಜ್ಞಾನಿಗಳು ಸ್ಥಳವನ್ನು ಆಶ್ರಯಿಸಿ ಕ್ಯಾಸನೂರು ಅರಣ್ಯರೋಗವೆಂದು ಹೆಸರಿಟ್ಟರು. ಮಲೆನಾಡಿನವರು ಮಂಗನ ಕಾಯಿಲೆಯೆಂದರು. ಈ ಎರಡನೆಯ ಹೆಸರಿನಲ್ಲಿರುವ ಷಷ್ಠೀವಿಭಕ್ತಿಯ ಅರ್ಥವು ವಿಚಾರಾರ್ಹವಾದುದು. ಮಂಗನಿಂದ ಬರುವ ಕಾಯಿಲೆಯೋ, ಮಂಗನಿಗೆ ಬರುವ ಕಾಯಿಲೆಯೋ? ವ್ಯಾಕರಣವು ಎರಡನ್ನೂ ಒಪ್ಪೀತು. ವಸ್ತುಸ್ಥಿತಿಯು ಎರಡನೆಯದನ್ನು ಮಾತ್ರ ಒಪ್ಪುತ್ತದೆ.

ಆ ವರ್ಷ ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತು ಬೀಳುತ್ತಿದ್ದುವು. ಕಾಡಿಗೆ ಹೋಗಿಬಂದವರು ಜ್ವರದಿಂದ ಹಾಸಿಗೆ ಹಿಡಿಯುತ್ತಿದ್ದರು. ದಕ್ಷಿಣ ಅಮೆರಿಕದಲ್ಲಿ ಪೀತಜ್ವರವು ಮಂಗಗಳನ್ನು ಇದೇ ರೀತಿಯಾಗಿ ಕೊಲ್ಲುವುದರಿಂದ, ಆ ವ್ಯಾಧಿಯೇ ಭಾರತಕ್ಕೆ ಕಾಲಿಟ್ಟಿತೆಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಅದು ಪೀತಜ್ವರದ್ದಲ್ಲವೆಂದೂ, ರಷ್ಯಾದ ಕಾಡುಗಳಲ್ಲಿ ವಸಂತಗ್ರೀಷ್ಮಗಳಲ್ಲಿ ತೋರುವ ಮಿದುಳಿನ ಉರಿಯೂತದ ವೈರಸ್ಸಿಗೆ ದಾಯಾದಿಯೆಂದೂ ತಿಳಿದುಬಂದಿತು. ರಷ್ಯಾದ ಆ ರೋಗವನ್ನು ಹರಡುವುದು ಸೊಳ್ಳೆಯಲ್ಲ, ಪ್ರಾಣಿಗಳ ಮೈಗೆ ಹತ್ತುವ ಉಣ್ಣೆಹುಳು. ಮಲೆನಾಡಿನ ಮಾತಿನಲ್ಲಿ ಉಣುಗು. ಇಲ್ಲಿಯೂ ಅದೇ ವಾಹಕವೆಂದು ಗೊತ್ತಾಯಿತು. ಅವುಗಳಲ್ಲಿ ಮುಖ್ಯವಾದ ಜಾತಿಗೆ ಹೀಮಾಫೈಸಾಲಿಸ್ ಸ್ಪಿನಿಜೆರ ಎಂದು ಶಾಸ್ತ್ರೀಯ ನಾಮ.

ಈ ಉಣುಗಿನ ಬಾಳು ವಿಲಕ್ಷಣವಾದುದು. ಮೊಟ್ಟೆಯಿಂದ ಹೊರಟ ಮೇಲೆ ಅದು ಮೂರು ಅವಸ್ಥೆಗಳನ್ನು ದಾಟುತ್ತದೆ. ಒಂದೊಂದು ಅವಸ್ಥೆಯಲ್ಲಿ ಒಂದೊಂದು ಪ್ರಾಣಿಯನ್ನು ಹತ್ತಿ, ರಕ್ತ ಹೀರಿ, ನೆಲಕ್ಕೆ ಉದುರುತ್ತದೆ. ಎಳೆಯ ಅವಸ್ಥೆಗಳಲ್ಲಿ ಇಲಿ, ಅಳಿಲು, ಹಕ್ಕಿ, ಮಂಗಗಳು ಅದಕ್ಕೆ ಆಹಾರ. ಬಲಿತ ಮೇಲೆ ದನವೇ ಮೊದಲಾದ ದೊಡ್ಡ ಪ್ರಾಣಿಗಳು. ಮನುಷ್ಯನಿಗೆ ರೋಗವನ್ನು ತಗುಲಿಸುವುದು ಹೆಚ್ಚಾಗಿ ನಡುವಣ ಅವಸ್ಥೆಯದು. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದು. ಅದು ದಂಡಿಯಾಗಿ ತಿರುಗುವ ಕಾಲ ಡಿಸೆಂಬರಿನಿಂದ ಮೇ ವರೆಗೆ. ಸೌದೆಗೂ ತರಗೆಲೆಗೂ ಜನ ಕಾಡು ಹೊಗುವ ಕಾಲವೂ ಅದೇ. ಕಾಡಿನಂಚಿನಲ್ಲಿ ಮೇಯುವ ದನಗಳು ವೈರಸ್ಸನ್ನು ಹೆಚ್ಚಿಸಲಾರವು, ಆದರೆ ಉಣುಗಿನ ಸಂತತಿಯನ್ನು ಹೆಚ್ಚಿಸುತ್ತವೆ.

ಹಾಗಾದರೆ ಮಂಗನ ಪಾತ್ರವೇನು? ಅದೂ ಕಚ್ಚಿಸಿಕೊಂಡು ನರಳುವ ರೋಗಿಯೇ. ಸತ್ತ ಮಂಗನ ಮೈ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ಸುತ್ತಲ ನೆಲದಲ್ಲಿ ಚೆಲ್ಲುತ್ತವೆ. ಆ ಸ್ಥಳವೇ ಅಪಾಯಕರ. ಮಂಗಗಳನ್ನು ಕೊಂದರೆ ರೋಗ ನಿಂತೀತೆಂಬ ಎಣಿಕೆ ಆದುದರಿಂದ ತಪ್ಪು. ಸತ್ತ ಮಂಗವನ್ನು ಹನುಮಂತನೆಂದು ಬಗೆದು ಹೊತ್ತು ಸಂಸ್ಕಾರ ಮಾಡುವವರ ಭಕ್ತಿ ಶ್ಲಾಘ್ಯವೇ ಸರಿ. ಆದರೆ ಹೊರುವವರ ಹೆಗಲಿಗೆ ಉಣುಗು ಹತ್ತುವುದಕ್ಕೆ ಭಕ್ತಿಯು ಅಡ್ಡ ಬರುವುದಿಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿಜ್ವರ, ತೀವ್ರವಾದ ತಲೆಶೂಲೆ, ಮೈಕೈ ನೋವು ತೋರುವುವು. ಕೆಲವರಲ್ಲಿ ರಕ್ತಸ್ರಾವವೂ ಉಂಟು. ಕೆಲವರಿಗೆ ಜ್ವರವಿಳಿದು ಒಂದೆರಡು ವಾರಗಳಾದ ಮೇಲೆ ಅದು ಮರುಕಳಿಸಿ, ಕಂಪ, ದೃಷ್ಟಿಮಾಂದ್ಯ, ಚಿತ್ತಭ್ರಮೆಗಳನ್ನು ತರುವುದು. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡದು. ರೋಗಿಯನ್ನು ಮನೆಯಿಂದ ದೂರವಿಡುವುದು ನಿರರ್ಥಕವಾದ ಕ್ರೌರ್ಯ. ಬಹುಕಾಲ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ಕೈಬಿಡಲಾಯಿತು. ಕಾಡಿಗೆ ಹೋಗುವಾಗ ಮೈಮುಚ್ಚುವ ಉಡುಪು, ಉಣುಗನ್ನು ಹತ್ತಗೊಡದ ತೈಲ, ಹಿಂದಿರುಗಿದೊಡನೆ ಬಿಸಿನೀರಿನ ಸ್ನಾನ, ಇವು ಜನರ ಕೈಯಲ್ಲಿರುವ ಉಪಾಯಗಳು. ಸತ್ತ ಮಂಗ ಕಂಡಲ್ಲಿ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿದರೆ, ಅವರು ಶವವನ್ನು ಪರೀಕ್ಷೆಗೊಳಪಡಿಸಿ, ಸುತ್ತಲ 50 ಅಡಿಯ ನೆಲಕ್ಕೆ ಕೀಟನಾಶಕ ಪುಡಿಯನ್ನು ಎರಚುತ್ತಾರೆ.